ಮರೆವಿನ ಕಾಯಿಲೆಯ ಹಿರಿಯರಿಗೆ ಆಶ್ರಮ ಆರಿಸುವ ಮುನ್ನ

ನಮ್ಮ ಕರಾವಳಿಯ ಅನೇಕ ಮನೆಗಳ ಕಥೆ ಇಂದು ಒಂದೇ ಆಗಿದೆ. ಮಕ್ಕಳು ದುಬೈ, ಕುವೈತ್, ಮುಂಬಯಿ ಅಥವಾ ಬೆಂಗಳೂರಿನಲ್ಲಿದ್ದಾರೆ. ಊರಿನ ದೊಡ್ಡ ಮನೆಯಲ್ಲಿ ತಾಯಿ ಅಥವಾ ತಂದೆ ಒಬ್ಬರೇ ಇದ್ದಾರೆ. ಕೈಕಾಲು ಗಟ್ಟಿ ಇರುವಷ್ಟು ದಿನ ಹೇಗೋ ನಡೆಯುತ್ತದೆ. ಆದರೆ ಒಂದು ದಿನ ಅವರು ಗ್ಯಾಸ್ ಒಲೆ ಆರಿಸಲು ಮರೆಯುತ್ತಾರೆ. ಇನ್ನೊಂದು ದಿನ ರಾತ್ರಿ ಎರಡು ಗಂಟೆಗೆ, ಇಗರ್ಜಿಗೆ ಹೊತ್ತಾಯಿತೆಂದು ಸೀರೆ ಉಟ್ಟು ಗೇಟು ದಾಟಿ ಹೊರಡುತ್ತಾರೆ. ಆಗ ಮನೆಯವರು ಆಶ್ರಮ ಹುಡುಕಲು ಆರಂಭಿಸುತ್ತಾರೆ, ಅದೂ ಹದಿನೈದು ದಿನದ ರಜೆಯಲ್ಲಿ!

ಈ ನಿರ್ಧಾರ ಮಾಡಿದವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಮನೆಯಲ್ಲಿ ದಿನದ 24 ಗಂಟೆ ನೋಡಿಕೊಳ್ಳಲು ಆಗದ ಪರಿಸ್ಥಿತಿ ನಿಜವಾಗಿಯೂ ಬರುತ್ತದೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು, 60 ವರ್ಷ ದಾಟಿದ ಭಾರತೀಯರಲ್ಲಿ ಶೇಕಡಾ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯ ಇದೆಯೆಂದು ಅಂದಾಜು ಮಾಡಿದೆ. ಇದು ಯಾರ ಮನೆಗೂ ಬರಬಹುದಾದ ಕಾಯಿಲೆ. ಆದ್ದರಿಂದ ಆಶ್ರಮವನ್ನು ಹೇಗೆ ಪರೀಕ್ಷಿಸಬೇಕು ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಮೊದಲು ವೈದ್ಯರ ಬಳಿಗೆ

ಎಲ್ಲ ಮರೆವೂ ಡಿಮೆನ್ಶಿಯ ಅಲ್ಲ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಮನಸ್ಸಿನ ಖಿನ್ನತೆ, ಕೆಲವು ನಿದ್ದೆ ಮಾತ್ರೆಗಳು ಕೂಡ ಮರೆವನ್ನು ತರುತ್ತವೆ. ಮೂತ್ರದ ಸೋಂಕು ತಗಲಿದರೆ ನಿನ್ನೆಯವರೆಗೆ ಸರಿಯಿದ್ದ ಹಿರಿಯರು ಇಂದು ಏನೇನೋ ಮಾತನಾಡಬಹುದು. ಇವುಗಳಿಗೆ ಚಿಕಿತ್ಸೆ ಇದೆ. ಆದ್ದರಿಂದ ಪರೀಕ್ಷೆ ಮಾಡಿಸದೆ ಯಾರನ್ನೂ ಆಶ್ರಮಕ್ಕೆ ಸೇರಿಸಬಾರದು.

ಕಾಯಿಲೆ ಖಚಿತವಾದರೆ ಒಂದು ವ್ಯತ್ಯಾಸವನ್ನು ತಿಳಿದಿರಬೇಕು. ಸಾಮಾನ್ಯ ವೃದ್ಧಾಶ್ರಮವೇ ಬೇರೆ, ಮರೆವಿನ ಕಾಯಿಲೆಯವರ ಆರೈಕೆ ಕೇಂದ್ರವೇ ಬೇರೆ. ಅನೇಕ ಆಶ್ರಮಗಳು ತಾವೇ ಎದ್ದು ಸ್ನಾನ, ಊಟ ಮಾಡಬಲ್ಲವರನ್ನು ಮಾತ್ರ ಸೇರಿಸಿಕೊಳ್ಳುತ್ತವೆ. ಕಾಯಿಲೆ ಹೆಚ್ಚಾದಾಗ "ಕರೆದುಕೊಂಡು ಹೋಗಿ" ಎನ್ನುತ್ತವೆ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆ ಹೀಗಿರಲಿ: ನಡೆಯಲು ಆಗದಿದ್ದರೆ, ನುಂಗಲು ಆಗದಿದ್ದರೆ, ಹಾಸಿಗೆ ಹಿಡಿದರೆ ಇಲ್ಲಿಯೇ ಇಟ್ಟುಕೊಳ್ಳುತ್ತೀರಾ? ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಎರಡು ಸಲ ಹೋಗಿ

ಪರಿಚಯದ ಕುಟುಂಬವೊಂದರ ಜೊತೆ ಒಮ್ಮೆ ನಾವೂ ಒಂದು ಆಶ್ರಮ ನೋಡಲು ಹೋಗಿದ್ದೆವು. ಬೆಳಿಗ್ಗೆ ಹನ್ನೊಂದು ಗಂಟೆ. ಹೊಳೆಯುವ ಟೈಲ್ಸ್, ಹೂತೋಟ, ಕಚೇರಿಯಲ್ಲಿ ಕಾಫಿ. ಎಲ್ಲರಿಗೂ ಒಪ್ಪಿಗೆಯಾಯಿತು. ಮುಂಗಡ ಕೊಡುವ ಮುನ್ನ, ಹೇಳದೆ ಇನ್ನೊಮ್ಮೆ ಹೋಗೋಣ ಎಂದೆವು. ಈ ಸಲ ಸಂಜೆ ಆರೂವರೆ. ಮಾಳಿಗೆಯಲ್ಲಿ ಹದಿನೆಂಟು ಹಿರಿಯರಿಗೆ ಒಬ್ಬಳೇ ಹುಡುಗಿ. ಒಬ್ಬ ಅಜ್ಜಿಯನ್ನು ಬೀಳದಂತೆ ಹಳೆಯ ಸೀರೆಯ ತುಂಡಿನಿಂದ ಕುರ್ಚಿಗೆ ಕಟ್ಟಿದ್ದರು. ಆಕೆ "ಉದಾಕ್, ಉದಾಕ್" ಎನ್ನುತ್ತಿದ್ದರು. ದೂರದ ರಾಜ್ಯದಿಂದ ಕೆಲಸಕ್ಕೆ ಬಂದಿದ್ದ ಆ ಹುಡುಗಿಗೆ ಕೊಂಕಣಿ ತಿಳಿಯದು. ಅಜ್ಜಿ ಕೇಳುತ್ತಿರುವುದು ನೀರು ಎಂದು ಅವಳಿಗೆ ಗೊತ್ತಾಗಲಿಲ್ಲ. ನೀರು ಕೊಟ್ಟದ್ದು ನಾವು.

ಆ ಹುಡುಗಿಯ ತಪ್ಪೇನೂ ಇರಲಿಲ್ಲ. ಹನ್ನೊಂದು ಗಂಟೆಗೆ ನಾವು ನೋಡಿದ್ದು ಕಟ್ಟಡವನ್ನು. ಆಶ್ರಮವನ್ನು ನೋಡಿದ್ದು ಸಂಜೆಗೆ. ಈ ಕಾಯಿಲೆ ಇರುವ ಹಲವರಿಗೆ ಸೂರ್ಯ ಮುಳುಗುವ ಹೊತ್ತಿಗೆ ಗಾಬರಿ, ಸಿಟ್ಟು, ಅಲೆದಾಟ ಹೆಚ್ಚುತ್ತದೆ. ಮಳೆಗಾಲದ ಕತ್ತಲೆಯಲ್ಲಿ ಇನ್ನೂ ಕಷ್ಟ. ಸಿಬ್ಬಂದಿ ಕಡಿಮೆ ಇರುವುದೂ ಅದೇ ಹೊತ್ತಿಗೆ. ಆದ್ದರಿಂದ ಎರಡನೆಯ ಭೇಟಿ ಸಂಜೆಯೇ ಇರಲಿ.

ಗಮನಿಸಬೇಕಾದ ಸಂಗತಿಗಳು

1. ಜನ: ಹಗಲಿಗೆ ಎಷ್ಟು ಮಂದಿ, ರಾತ್ರಿಗೆ ಎಷ್ಟು ಮಂದಿ, ನರ್ಸ್ ರಾತ್ರಿ ಇರುತ್ತಾರೆಯೇ ಎಂದು ಕೇಳಿ. ಕೆಲಸದವರು ಎಷ್ಟು ವರ್ಷದಿಂದ ಇದ್ದಾರೆ ಎಂದೂ ಕೇಳಿ. ತಿಂಗಳಿಗೊಮ್ಮೆ ಮುಖಗಳು ಬದಲಾಗುವ ಕಡೆ ಮರೆವಿನ ರೋಗಿಗೆ ನೆಮ್ಮದಿ ಸಿಗದು.

2. ಭಾಷೆ: ಕಾಯಿಲೆ ಮುಂದುವರಿದಂತೆ ಹಲವರಲ್ಲಿ ನಂತರ ಕಲಿತ ಭಾಷೆ ಮೊದಲು ಜಾರುತ್ತದೆ, ತಾಯ್ನುಡಿ ಉಳಿಯುತ್ತದೆ. ನಲವತ್ತು ವರ್ಷ ಮುಂಬಯಿಯಲ್ಲಿ ಹಿಂದಿ, ಇಂಗ್ಲಿಷ್ ಮಾತಾಡಿದವರೂ ಕೊನೆಗೆ ಕೊಂಕಣಿಗೋ ತುಳುವಿಗೋ ಮರಳಬಹುದು. ಆ ಭಾಷೆ ಬಲ್ಲ ಒಬ್ಬರಾದರೂ ಪ್ರತಿ ಪಾಳಿಯಲ್ಲಿ ಇರಬೇಕು.

3. ಸುರಕ್ಷತೆ: ಅಲೆದಾಡುವುದು ಈ ಕಾಯಿಲೆಯ ಲಕ್ಷಣ. ಗೇಟು ಭದ್ರವಿರಲಿ, ಆದರೆ ನಡೆದಾಡಲು ಒಳಗೇ ಜಾಗವಿರಲಿ. ನಮ್ಮ ಕಡೆ ಅಂಗಳದಲ್ಲಿ ಬಾವಿ ಇರುತ್ತದೆ, ಅದಕ್ಕೆ ಕಬ್ಬಿಣದ ಮುಚ್ಚಳ ಇದೆಯೇ ನೋಡಿ. ಬಚ್ಚಲಿನ ನೆಲ ಜಾರುತ್ತದೆಯೇ, ಗೋಡೆಗೆ ಹಿಡಿಕೆಗಳಿವೆಯೇ, ಬಾಗಿಲಿಗೆ ಒಳಗಿನಿಂದ ಚಿಲಕ ಬೀಳುತ್ತದೆಯೇ ಎಂದು ಸ್ವತಃ ಪರೀಕ್ಷಿಸಿ.

4. ಕಟ್ಟುವುದು ಮತ್ತು ಮಾತ್ರೆ: ಗಲಾಟೆ ಮಾಡಿದರೆ ಏನು ಮಾಡುತ್ತೀರಿ ಎಂದು ನೇರವಾಗಿ ಕೇಳಿ. ಮನೋರೋಗಕ್ಕೆ ಕೊಡುವ ಕೆಲವು ಔಷಧಗಳು ಡಿಮೆನ್ಶಿಯ ಇರುವ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿತ್ತು. ವೈದ್ಯರ ಚೀಟಿ ಇಲ್ಲದೆ, ನಿಮಗೆ ತಿಳಿಸದೆ ಅಂಥ ಮಾತ್ರೆ ಕೊಡಬಾರದು. ಹಗಲು ಹೊತ್ತು ಎಲ್ಲರೂ ತೂಕಡಿಸುತ್ತಿದ್ದರೆ ಸಂಶಯಪಡಿ.

5. ಊಟ: ಊಟದ ಸಮಯದಲ್ಲಿ ಅಲ್ಲೇ ಇರಿ. ತಟ್ಟೆ ಇಟ್ಟು ಹೋಗುತ್ತಾರೋ, ಕುಳಿತು ತಿನ್ನಿಸುತ್ತಾರೋ? ಮುಳ್ಳು ತೆಗೆದ ಮೀನು, ಮೆತ್ತಗಿನ ಕುಚ್ಚಲಕ್ಕಿ ಗಂಜಿ ಕೊಡುತ್ತಾರೋ? ಪ್ರತಿ ತಿಂಗಳು ತೂಕ ನೋಡಿ ಬರೆದಿಡುವ ಆಶ್ರಮ ಒಳ್ಳೆಯದು. ತೂಕ ಇಳಿಯುವುದು ಮೊದಲ ಎಚ್ಚರಿಕೆಯ ಗಂಟೆ.

6. ದಿನಚರಿ: ಟಿ.ವಿ. ಎದುರು ಸಾಲಾಗಿ ಕೂರಿಸುವುದು ಚಟುವಟಿಕೆಯಲ್ಲ. ಮಗನ ಹೆಸರು ಮರೆತವರೂ ಬಾಲ್ಯದಲ್ಲಿ ಕಲಿತ ಪ್ರಾರ್ಥನೆ, ಹಾಡನ್ನು ಹೇಳಬಲ್ಲರು. ಜಪಮಾಲೆ ಹಿಡಿದ ಕೈ ಮಣಿ ದಾಟಿಸುತ್ತದೆ. ಮಲ್ಲಿಗೆ ಕಟ್ಟುತ್ತಿದ್ದವರ ಬೆರಳಿಗೆ ಗಂಟು ನೆನಪಿರುತ್ತದೆ. ಇಂಥದ್ದಕ್ಕೆ ಅವಕಾಶವಿದೆಯೇ ಕೇಳಿ.

ಹಣ ಮತ್ತು ಕಾನೂನು

ತಿಂಗಳ ಶುಲ್ಕದಲ್ಲಿ ಏನು ಸೇರಿದೆ, ಡೈಪರ್, ಔಷಧ, ಆಸ್ಪತ್ರೆಗೆ ಜೊತೆಗೆ ಹೋಗುವವರ ಸಂಬಳ ಬೇರೆಯೇ, ಠೇವಣಿ ಯಾವಾಗ ಹಿಂದೆ ಸಿಗುತ್ತದೆ, ಇವೆಲ್ಲ ಕಾಗದದಲ್ಲಿರಲಿ. ರಾತ್ರಿ ಎದೆನೋವು ಬಂದರೆ ಯಾವ ಆಸ್ಪತ್ರೆಗೆ, ಯಾವ ವಾಹನದಲ್ಲಿ ಒಯ್ಯುತ್ತಾರೆ ಎಂಬುದೂ ತಿಳಿದಿರಲಿ.

ಹಿರಿಯರ ಬ್ಯಾಂಕು ವ್ಯವಹಾರ, ಉಯಿಲು ಇವನ್ನು ಅವರಿಗೆ ಅರಿವಿರುವಾಗಲೇ, ಅವರ ಇಚ್ಛೆಯಂತೆ ಮುಗಿಸಿ. ಅಧಿಕಾರ ಪತ್ರ, ಅಂದರೆ ಪವರ್ ಆಫ್ ಅಟಾರ್ನಿ, ಬರೆದುಕೊಟ್ಟವರು ಬುದ್ಧಿಸ್ವಾಧೀನ ಕಳೆದುಕೊಂಡರೆ ನಮ್ಮ ಕಾನೂನಿನ ಪ್ರಕಾರ ಊರ್ಜಿತವಾಗಿ ಉಳಿಯುವುದಿಲ್ಲ ಎಂಬುದು ಬಹಳ ಮಂದಿಗೆ ತಿಳಿಯದು.

ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರ ಪ್ರಕಾರ, ನೋಡಿಕೊಳ್ಳುವ ಹೊಣೆ ಇರುವವರು ಹಿರಿಯರನ್ನು ಎಲ್ಲಾದರೂ ಬಿಟ್ಟು ಕೈಬಿಟ್ಟರೆ ಮೂರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಸಲಹೆ, ದೂರುಗಳಿಗೆ 14567 ಎಂಬ ಉಚಿತ ಹಿರಿಯರ ಸಹಾಯವಾಣಿ ಇದೆ.

ಸೇರಿಸಿದ ಮೇಲೆ

ಸಾಧ್ಯವಾದರೆ ಮೊದಲು ಒಂದು ತಿಂಗಳ ಮಟ್ಟಿಗೆ ಸೇರಿಸಿ ನೋಡಿ. ಅವರ ಜೊತೆ ಒಂದು ಹಾಳೆ ಕಳುಹಿಸಿ: ಯಾವ ಹೆಸರಿನಿಂದ ಕರೆದರೆ ತಿರುಗುತ್ತಾರೆ, ಚಹಾಕ್ಕೆ ಎಷ್ಟು ಸಕ್ಕರೆ, ಯಾವುದಕ್ಕೆ ಹೆದರುತ್ತಾರೆ, ನೀರು ಬೇಕಾದಾಗ ಏನೆನ್ನುತ್ತಾರೆ. ಹಾಸಿಗೆಯ ಬಳಿ ಮದುವೆಯ ಫೋಟೊ, ಹಳೆಯ ಹೊದಿಕೆ ಇಡಿ.

ಮುಖ್ಯವಾಗಿ, ಭೇಟಿ ನಿಲ್ಲಿಸಬೇಡಿ. ಯಾವಾಗ ಬೇಕಾದರೂ ಬರಬಹುದು ಎನ್ನುವ ಆಶ್ರಮವನ್ನೇ ಆರಿಸಿ. ವಿದೇಶದಲ್ಲಿರುವವರು ಊರಿನ ಸಂಬಂಧಿಕರಿಗೆ ವಾರಕ್ಕೊಮ್ಮೆ ಹೋಗುವ ಹೊಣೆ ಒಪ್ಪಿಸಿ. ಯಾರೂ ಇಲ್ಲದಿದ್ದರೆ ನಿಮ್ಮ ವಾಳೆಯ ಗುರಿಕಾರರನ್ನು ಕೇಳಿಕೊಳ್ಳಿ. ಹೋದವರು ಕೈಕಾಲುಗಳ ಮೇಲೆ ಗಾಯದ ಗುರುತು ಇದೆಯೇ, ತುಟಿ ಒಣಗಿದೆಯೇ, ಉಗುರು ಕತ್ತರಿಸಿದೆಯೇ ಎಂದು ಸುಮ್ಮನೆ ನೋಡಲಿ. ಮರೆವಿನ ಕಾಯಿಲೆಯವರು ದೂರು ಹೇಳಲಾರರು. ಅವರ ಪರವಾಗಿ ನೋಡಿ ಹೇಳುವವರು ಒಬ್ಬರಿರಬೇಕು.

ನಾವು ಹೇಳಿದ ಆ ಕುಟುಂಬ ಕೊನೆಗೆ ಆರಿಸಿದ್ದು ಹಂಚಿನ ಮಾಡಿನ ಒಂದು ಹಳೆಯ ಮನೆಯನ್ನು. ಅಲ್ಲಿ ಹೂತೋಟವಿಲ್ಲ, ಟೈಲ್ಸ್ ಕೂಡ ಇಲ್ಲ. ಸಂಜೆ ಏಳು ಗಂಟೆಗೆ ಹೇಳದೆ ಹೋದಾಗ, ಅಡಿಗೆಯಾಕೆ ಒಬ್ಬ ಅಜ್ಜಿಯ ಪಕ್ಕ ಕುಳಿತು ಕೊಂಕಣಿಯಲ್ಲಿ ಮಾತಾಡುತ್ತಾ ಗಂಜಿ ತಿನ್ನಿಸುತ್ತಿದ್ದರು. ಅಷ್ಟು ನೋಡಿ ಅವರು ಮುಂಗಡ ಕೊಟ್ಟರು.