ಬೆಳೆ, ಬೇಳೆ ಮತ್ತು ಪರದೆಯ ಪಾಠ

ಹೊರರಾಜ್ಯದಲ್ಲಿರುವ ನಮಗೆ ಮಕ್ಕಳ ಕನ್ನಡದ್ದೇ ಚಿಂತೆ. ಮನೆಯಲ್ಲಿ ಮಾತಾಡುತ್ತಾರೆ, ಆದರೆ ಊರಿಗೆ ಹೋದಾಗ ಬಸ್ಸಿನ ಬೋರ್ಡು ಓದಲು ಬರುವುದಿಲ್ಲ. ಪುಣೆಯಲ್ಲಿ ಹಿಂಜೆವಾಡಿಯ ಮಗು, ಹಡಪ್ಸರ್‌ನ ಮಗು ಒಂದೆಡೆ ಸೇರಬೇಕೆಂದರೆ ಟ್ರಾಫಿಕ್‌ನಲ್ಲೇ ಭಾನುವಾರ ಕಳೆದುಹೋಗುತ್ತದೆ. ಅದಕ್ಕಿಂತ ಆನ್‌ಲೈನ್ ತರಗತಿಯೇ ವಾಸಿ. ಅಂಥ ಎಂಟು ಮಕ್ಕಳಿಗೆ ಎರಡು ವರ್ಷದಿಂದ ಅಕ್ಷರ ಹೇಳಿಕೊಡುತ್ತಿದ್ದೇನೆ. ನಾನು ಶಿಕ್ಷಕನಲ್ಲ, ಸಾಫ್ಟ್‌ವೇರ್‌ನವನು. ಹಾಗಾಗಿ ಕಲಿಕೆಯ ಬಗ್ಗೆ ತಿಳಿದವರು ಏನು ಹೇಳಿದ್ದಾರೆಂದು ಓದಿಕೊಂಡೇ ಶುರುಮಾಡಿದೆ.

ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ 1950ರ ದಶಕದಲ್ಲಿ ‘ಬೋಧನಾ ಯಂತ್ರ’ ರೂಪಿಸಿದರು. ಪಾಠವನ್ನು ಸಣ್ಣ ಸಣ್ಣ ತುಣುಕು ಮಾಡಿ ಪ್ರಶ್ನೆ ಕೇಳುವುದು, ಉತ್ತರ ಸರಿಯೋ ತಪ್ಪೋ ತಕ್ಷಣ ತಿಳಿಸುವುದು. ಭಾಷಾ ಆ್ಯಪ್‌ಗಳಲ್ಲಿ ‘ಟಿಂಗ್’ ಎಂದು ಬೀಳುವ ನಕ್ಷತ್ರವೂ ಇದೇ ವಂಶದ್ದು. ಅಕ್ಷರ ಗುರುತಿಸುವಷ್ಟಕ್ಕೆ ಇದು ಸಾಕು. ಮಗು ಯಾಕೆ ತಪ್ಪಿತು ಎಂಬುದು ನಕ್ಷತ್ರಕ್ಕೆ ಗೊತ್ತಾಗುವುದಿಲ್ಲ.

ಮರಾಠಿ ನಾಡಿನಲ್ಲಿ ಆ ‘ಯಾಕೆ’ಯೇ ಮುಖ್ಯ. ಇಲ್ಲಿನ ಮಕ್ಕಳು ಶಾಲೆಯಲ್ಲಿ ದೇವನಾಗರಿ ಕಲಿತಿರುತ್ತಾರೆ. ‘ಳ’ ಅವರಿಗೆ ಕಷ್ಟವಲ್ಲ, ಮರಾಠಿಯಲ್ಲೂ ಇದೆ; ಹಿಂದಿಯಷ್ಟೇ ಕಲಿತ ದೆಹಲಿಯ ಮಗುವಿಗೆ ಆ ಅನುಕೂಲವಿಲ್ಲ. ಆದರೆ ಮರಾಠಿ ಬರವಣಿಗೆಯಲ್ಲಿ ‘ಎ’, ‘ಏ’ ಎಂಬ ಭೇದವಿಲ್ಲ. ‘ಒ’, ‘ಓ’ ಕೂಡ ಹಾಗೇ. ಹೀಗಾಗಿ ‘ಬೆಳೆ’, ‘ಬೇಳೆ’ ಎರಡನ್ನೂ ಒಂದೇ ತರಹ ಬರೆಯುತ್ತಾರೆ. ‘ಕೊಡು’, ‘ಕೋಡು’ಗಳ ಗತಿಯೂ ಅದೇ. ಮಕ್ಕಳು ಇರುವ ತಿಳಿವಳಿಕೆಯ ಮೇಲೆ ಹೊಸದನ್ನು ತಾವೇ ಕಟ್ಟಿಕೊಳ್ಳುತ್ತಾರೆ ಎಂದವರು ಪಿಯಾಜೆ. ಒಂಟಿಯಾಗಿ ಮಾಡಲಾರದ್ದನ್ನು ಬಲ್ಲವರ ಆಸರೆಯಿಂದ ಮಗು ಮಾಡಬಲ್ಲದು, ಕಲಿಸಬೇಕಾದ್ದು ಅಲ್ಲೇ ಎಂದವರು ರಷ್ಯಾದ ವೈಗಾಟ್‌ಸ್ಕಿ. ನಾನು ಕಿವಿಗೆ ಗೊತ್ತಿರುವ ಮಾತಿನಿಂದಲೇ ಶುರುಮಾಡುತ್ತೇನೆ. “ಅಮ್ಮ ಸಾರಿಗೆ ಹಾಕೋದು ಯಾವುದು? ಹೊಲದಲ್ಲಿ ಬರೋದು ಯಾವುದು?” ಬಾಯಲ್ಲಿ ಸರಿಯಾಗಿಯೇ ಹೇಳುತ್ತಾರೆ. ಆಮೇಲೆ ಎರಡನ್ನೂ ಬರೆದು ಕ್ಯಾಮೆರಾಕ್ಕೆ ಹಿಡಿಯಬೇಕು. ಒಬ್ಬಳ ತಪ್ಪನ್ನು ಇನ್ನೊಬ್ಬ ತಿದ್ದುತ್ತಾನೆ. ಅಷ್ಟೂ ಹೊತ್ತು ನನ್ನ ಮೈಕ್ ಮ್ಯೂಟ್. (ತರಗತಿಯಲ್ಲಿ ನನಗೆ ಅತಿ ಕಷ್ಟದ ಕೆಲಸ ಇದೇ.)

“ರೆಕಾರ್ಡಿಂಗ್ ಕಳಿಸಿ ಸರ್, ಮತ್ತೆ ನೋಡಲಿ” ಎಂದು ಪಾಲಕರು ಕೇಳುತ್ತಾರೆ. ನಾನು ಕಳಿಸುವುದಿಲ್ಲ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಗಳಿಗೆ ಒಂದು ಗದ್ಯವನ್ನು ಮತ್ತೆ ಓದಿಸಿದರು, ಇನ್ನೊಂದನ್ನು ನೆನಪಿನಿಂದ ಬರೆಸಿದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದ್ದೇ ಹೆಚ್ಚು ನೆನಪಿತ್ತು. ಒಂದು ವಾರದ ನಂತರ ಓದಿದ್ದು ಶೇ 42ರಷ್ಟು, ಬರೆದದ್ದು ಶೇ 56ರಷ್ಟು ಉಳಿದಿತ್ತು. ನಮ್ಮ ತರಗತಿಯೂ ವಾರಕ್ಕೊಮ್ಮೆ. ಆದ್ದರಿಂದ ಮೊದಲ ಹತ್ತು ನಿಮಿಷ ಪುಸ್ತಕ ಮುಚ್ಚಿ ಕಳೆದ ವಾರದ ಪದಗಳನ್ನು ಬರೆಯುವುದು. ಮಕ್ಕಳು ಗೊಣಗುತ್ತಾರೆ, ಬರೆಯುತ್ತಾರೆ.

ಡಿಜಿಟಲ್ ಕಾಲದಲ್ಲಿ ಕಲಿಕೆ ಇರುವುದೇ ಸಂಪರ್ಕಗಳ ಜಾಲದಲ್ಲಿ ಎಂದು ಕೆನಡಾದ ಜಾರ್ಜ್ ಸೀಮೆನ್ಸ್ 2005ರಲ್ಲಿ ವಾದಿಸಿದರು. ಅಕ್ಷರ ತಿದ್ದುವ ಮಗುವಿಗೆ ಇದು ದೊಡ್ಡ ಮಾತಾಯಿತು. ಆದರೂ ಒಂದು ಎಳೆ ಹಿಡಿದುಕೊಂಡೆ: ಪ್ರತಿ ವಾರ ಊರಿನ ಅಜ್ಜಿಗೆ ವಿಡಿಯೊ ಕಾಲ್ ಮಾಡಿ, ಅವರ ಅಡುಗೆಮನೆಯ ಒಂದು ಪದ ಕೇಳಿ ಬರೆದು ತರಬೇಕು. ಹೋದ ವಾರ ಹುಬ್ಬಳ್ಳಿಯ ಅಜ್ಜಿಯಿಂದ ‘ಬದನಿಕಾಯಿ’ ಬಂತು, ಉಡುಪಿಯ ಅಜ್ಜಿಯಿಂದ ‘ಗುಳ್ಳ’. ಯಾವುದು ಸರಿ ಎಂದು ಮಕ್ಕಳು ಕಾಲು ಗಂಟೆ ಜಗಳವಾಡಿದರು, ಕನ್ನಡದಲ್ಲೇ.