'ನಮ್ಮ ನೆಲ' ಎಂಬ ನಾಡು

ಕೆನಡಾದ ಭೂಪಟದಲ್ಲಿ ಉತ್ತರದ ತುದಿಗೆ ದ್ವೀಪಗಳ ದೊಡ್ಡ ಗುಂಪೊಂದಿದೆ. ಮರ ಬೆಳೆಯದ, ವರ್ಷದ ಬಹುಪಾಲು ಹಿಮ ಹೊದ್ದ ನೆಲವದು. ಹಳೆಯ ಪಠ್ಯಪುಸ್ತಕಗಳು ಅಲ್ಲಿನವರನ್ನು 'ಎಸ್ಕಿಮೊ'ಗಳೆಂದು ಕರೆದವು. ಅವರು ತಮ್ಮನ್ನು ಕರೆದುಕೊಳ್ಳುವುದು 'ಇನುಯಿಟ್' ಎಂದು. ಹಾಗೆಂದರೆ 'ಜನ'.

ಈ ಜನರನ್ನು ಸರ್ಕಾರ ಬಹುಕಾಲ ಅಂಕಿಗಳಾಗಿಯೇ ಕಂಡಿತು. ಮನೆತನದ ಹೆಸರಿಟ್ಟುಕೊಳ್ಳುವ ಪದ್ಧತಿ ಅವರಲ್ಲಿರಲಿಲ್ಲ. ಹಾಗಾಗಿ 1941ರಿಂದ ಪ್ರತಿಯೊಬ್ಬರಿಗೂ ಸಂಖ್ಯೆಯಿದ್ದ ಬಿಲ್ಲೆಯೊಂದನ್ನು ಕೊಡಲಾಯಿತು. ಸಂಸತ್ ಚುನಾವಣೆಯಲ್ಲಿ ಮತದ ಹಕ್ಕು ಸಿಕ್ಕಿದ್ದು 1950ರಲ್ಲಿ. 1953ರಲ್ಲಿ ಕ್ವಿಬೆಕ್‌ನ ಕೆಲವು ಕುಟುಂಬಗಳನ್ನು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಉತ್ತರದ ದ್ವೀಪಗಳಿಗೆ ಸಾಗಿಸಲಾಯಿತು. ಅದಕ್ಕೆ ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ!

1971ರಲ್ಲಿ ಇನುಯಿಟರು ತಮ್ಮದೇ ರಾಷ್ಟ್ರೀಯ ಸಂಘಟನೆ ಕಟ್ಟಿದರು. ಮೂಲನಿವಾಸಿಗಳ ಭೂಹಕ್ಕು ಕಾನೂನಿನಲ್ಲಿ ಇದ್ದೇ ಇದೆ ಎಂಬುದನ್ನು ಕೆನಡಾದ ಸುಪ್ರೀಂ ಕೋರ್ಟ್ 1973ರ ತೀರ್ಪಿನಲ್ಲಿ ಒಪ್ಪಿತು. ಇದರಿಂದ ಬಲ ಪಡೆದ ಇನುಯಿಟರು 1976ರಲ್ಲಿ ಪ್ರತ್ಯೇಕ ಪ್ರಾಂತದ ಬೇಡಿಕೆ ಮುಂದಿಟ್ಟರು. 1982ರ ಜನಮತಗಣನೆಯಲ್ಲಿ ಶೇ 56ರಷ್ಟು ಮತದಾರರು ವಾಯವ್ಯ ಪ್ರಾಂತದ ವಿಭಜನೆಗೆ ಒಪ್ಪಿದರು. 1993ರಲ್ಲಿ ಒಪ್ಪಂದವಾಯಿತು. 1999ರ ಏಪ್ರಿಲ್ 1ರಂದು 'ನುನಾವುಟ್' ಉದಯಿಸಿತು. ಹೆಸರಿನ ಅರ್ಥ 'ನಮ್ಮ ನೆಲ'.

ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಸುಮಾರು ಮೂರೂವರೆ ಲಕ್ಷ ಚದರ ಕಿ.ಮೀ. ಭೂಮಿಯ ಒಡೆತನ ಮತ್ತು 110 ಕೋಟಿಗೂ ಹೆಚ್ಚು ಡಾಲರ್ ಇನುಯಿಟರ ಪಾಲಿಗೆ ಬಂದವು. ಪ್ರತಿಯಾಗಿ, ಹಿರಿಯರಿಂದ ಬಂದ ಮೂಲ ಭೂಹಕ್ಕನ್ನು ಅವರು ಬಿಟ್ಟುಕೊಡಬೇಕಾಯಿತು.

ಇಲ್ಲಿ ಇನುಯಿಟರಿಗಷ್ಟೇ ಮತದ ಹಕ್ಕು ಎಂಬ ನಿಯಮವಿಲ್ಲ. ನಿವಾಸಿಗಳಾದ ಎಲ್ಲ ಕೆನಡಾ ಪ್ರಜೆಗಳೂ ಮತ ಹಾಕಬಹುದು. ಆದರೆ ಸುಮಾರು 37 ಸಾವಿರ ಜನರಲ್ಲಿ ಶೇ 85ರಷ್ಟು ಇನುಯಿಟರೇ ಇರುವುದರಿಂದ ಆಡಳಿತ ಸಹಜವಾಗಿಯೇ ಅವರ ಕೈಗೆ ಬಂತು. ಶಾಸನಸಭೆಯಲ್ಲಿ ರಾಜಕೀಯ ಪಕ್ಷಗಳಿಲ್ಲ. ಆರಿಸಿ ಬಂದ ಸದಸ್ಯರೇ ಸೇರಿ ಮುಖ್ಯಸ್ಥನನ್ನು ಆಯ್ಕೆ ಮಾಡುತ್ತಾರೆ.

ಒಕ್ಕೂಟ ವ್ಯವಸ್ಥೆಯ ಒಂದು ಸೂಕ್ಷ್ಮವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಒಂಟಾರಿಯೊದಂಥ ರಾಜ್ಯಗಳಿಗೆ ಅಧಿಕಾರ ಬರುವುದು ಸಂವಿಧಾನದಿಂದ. ನುನಾವುಟ್‌ಗೆ ಬಂದಿರುವುದು ಸಂಸತ್ತಿನ ಕಾಯ್ದೆಯಿಂದ. ಹೀಗಾಗಿ ಸರ್ಕಾರಿ ಭೂಮಿ ಮತ್ತು ಖನಿಜಗಳ ಮೇಲಿನ ಹಿಡಿತ ಕೇಂದ್ರದಲ್ಲೇ ಉಳಿಯಿತು. ಅದನ್ನು 2027ರ ಏಪ್ರಿಲ್ 1ರೊಳಗೆ ಹಸ್ತಾಂತರಿಸುವ ಒಪ್ಪಂದಕ್ಕೆ ಸಹಿ ಬಿದ್ದದ್ದು 2024ರ ಜನವರಿಯಲ್ಲಿ.

ಇನ್ನೊಂದು ಹೋರಾಟ ಶಾಲೆಯ ಕೋಣೆಯಲ್ಲಿದೆ. ಎಲ್ಲ ತರಗತಿಗಳಲ್ಲೂ ಇನುಯಿಟ್ ಭಾಷೆಯಲ್ಲಿ ಕಲಿಸುವುದಾಗಿ 2008ರ ಕಾಯ್ದೆ ಮಾತು ಕೊಟ್ಟಿತ್ತು. ಕಲಿಸಲು ಸಾಕಷ್ಟು ಶಿಕ್ಷಕರಿಲ್ಲದೆ, 2020ರಲ್ಲಿ ಆ ಗಡುವನ್ನು 2039ಕ್ಕೆ ಮುಂದೂಡಲಾಯಿತು. ನೆಲ ಪಡೆಯಲು ಒಂದು ತಲೆಮಾರು ಹಿಡಿಯಿತು. ಆ ನೆಲದ ನುಡಿಯಲ್ಲಿ ಪಾಠ ಕೇಳಲು ಇನ್ನೊಂದು ತಲೆಮಾರು ಕಾಯುತ್ತಿದೆ.