ನಂಬುಗೆ ಮತ್ತು ವಿಚಾರ

ನಂಬುಗೆಯಿಲ್ಲದೆ ಮನುಷ್ಯನ ಬಾಳು ಸಾಗದು. ಆದರೆ ನಂಬಿದವನು ಪ್ರಶ್ನಿಸಬಹುದೆ? ಪ್ರಶ್ನಿಸಿದರೆ ನಂಬುಗೆ ಉಳಿದೀತೆ? ಈ ಸಂದೇಹ ಒಂದು ನಾಡಿಗೆ ಸೇರಿದುದಲ್ಲ, ಒಂದು ಮತಕ್ಕೆ ಸೇರಿದುದೂ ಅಲ್ಲ. ಕನ್ನಡನಾಡಿನ ಕಲ್ಯಾಣದಲ್ಲಿಯೂ ದೂರದ ಯುರೋಪಿನಲ್ಲಿಯೂ ಇದು ಹೆಚ್ಚುಕಡಮೆ ಒಂದೇ ಕಾಲದಲ್ಲಿ ಚರ್ಚೆಗೆ ಬಂದಿತು.

ಇಂದಿನ ಬೀದರ ಜಿಲ್ಲೆಯ ದುಬಲಗುಂಡಿ, ಹುಮನಾಬಾದ, ಬಸವಕಲ್ಯಾಣಗಳ ಸೀಮೆ ಅಂದು ಚಾಲುಕ್ಯರ ರಾಜಧಾನಿಯ ಸೀಮೆ. ಆರನೆಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರ’ವೆಂಬ ವ್ಯಾಖ್ಯಾನವನ್ನು ಬರೆದನು. ಶಾಸ್ತ್ರವನ್ನು ಪ್ರಮಾಣವೆಂದು ನಂಬಿದ ಈ ಪಂಡಿತನು ಎದುರಾಳಿಯ ವಾದವನ್ನು ಮೊದಲು ಮುಂದಿಟ್ಟು, ಅನಂತರ ತನ್ನ ನಿರ್ಣಯವನ್ನು ಸಾಧಿಸುತ್ತಾನೆ. ಮೊದಲಿನದು ಪೂರ್ವಪಕ್ಷ, ಎರಡನೆಯದು ಸಿದ್ಧಾಂತ.

ಯುರೋಪಿನ ಕಥೆ ಇನ್ನೂ ಹಿಂದೆ ಮೊದಲಾಗುತ್ತದೆ. ಕ್ರೈಸ್ತಮತವು ಹೊಸದಾಗಿದ್ದಾಗ ರೋಮನ್ ಸಾಮ್ರಾಜ್ಯದಲ್ಲಿ ಅದರ ಅನುಯಾಯಿಗಳು ನಾಸ್ತಿಕರೆಂಬ ದೂಷಣೆಗೆ ಗುರಿಯಾದರು. ಎರಡನೆಯ ಶತಮಾನದಲ್ಲಿ ಜಸ್ಟಿನ್ ಎಂಬ ತತ್ತ್ವಜ್ಞಾನಿಯು ಚಕ್ರವರ್ತಿ ಆಂಟೊನೈನಸ್ ಪಯಸನಿಗೆ ತನ್ನ ಮತದ ಸಮರ್ಥನೆಯನ್ನು ಬರೆದನು. ಹೆಸರನ್ನು ಕೇಳಿದೊಡನೆ ದಂಡಿಸದೆ, ವಿಚಾರಿಸಿ ತೀರ್ಪು ನೀಡಬೇಕೆಂಬುದು ಅವನ ಬೇಡಿಕೆ. ಗ್ರೀಕ್ ಜ್ಞಾನಿ ಸಾಕ್ರಟೀಸನಲ್ಲಿಯೂ ಸತ್ಯದ ಅಂಶವಿತ್ತೆಂದು ಅವನು ಒಪ್ಪಿದನು. ಕಡೆಗೆ ರೋಮಿನಲ್ಲಿ ಅವನಿಗೆ ಮರಣದಂಡನೆಯಾಯಿತು. ಕಾರ್ಥೇಜಿನ ಟರ್ಟುಲಿಯನ್ನನಾದರೋ ತತ್ತ್ವಶಾಸ್ತ್ರದ ನೆಲೆಯಾದ ಅಥೆನ್ಸಿಗೂ ಭಕ್ತಿಯ ನೆಲೆಯಾದ ಜೆರೂಸಲೇಮಿಗೂ ನಂಟಿಲ್ಲವೆಂದು ವಾದಿಸಿದನು.

ಶತಮಾನಗಳು ಕಳೆದ ಮೇಲೆ ಆನ್ಸೆಲ್ಮ್ (1033-1109) ಎಂಬ ಸಂನ್ಯಾಸಿಯು, ಮೊದಲು ನಂಬಬೇಕು, ನಂಬಿದುದನ್ನು ಅರಿಯಲು ಬುದ್ಧಿಯನ್ನು ಬಳಸಬೇಕು ಎಂದನು. ಮನಸ್ಸು ಭಾವಿಸಬಲ್ಲ ಸರ್ವಶ್ರೇಷ್ಠವಾದುದೇ ದೇವರು. ಅದು ಬರಿಯ ಭಾವನೆಯಾಗಿದ್ದರೆ ಸರ್ವಶ್ರೇಷ್ಠವಾಗದು. ಆದುದರಿಂದ ದೇವರು ಇರಲೇಬೇಕು. ಇದು ಅವನ ಯುಕ್ತಿ. ಗಾನಿಲೊ ಎಂಬ ಮತ್ತೊಬ್ಬ ಸಂನ್ಯಾಸಿಯು ಇದನ್ನು ಒಪ್ಪಲಿಲ್ಲ. ಸರ್ವಶ್ರೇಷ್ಠವಾದ ದ್ವೀಪವೊಂದನ್ನು ಭಾವಿಸಿಕೊಂಡ ಮಾತ್ರಕ್ಕೆ ಅದು ಕಡಲಿನಲ್ಲಿ ಇದ್ದೀತೆ ಎಂದು ಕೇಳಿದನು. ಆನ್ಸೆಲ್ಮನು ಮುನಿಯಲಿಲ್ಲ. ಆ ಆಕ್ಷೇಪವನ್ನೂ ತನ್ನ ಉತ್ತರವನ್ನೂ ತನ್ನ ಗ್ರಂಥದೊಡನೆಯೇ ಪ್ರತಿ ಮಾಡಬೇಕೆಂದು ಹೇಳಿದನು. ಹದಿಮೂರನೆಯ ಶತಮಾನದ ತಾಮಸ್ ಅಕ್ವಿನಾಸನು ಪ್ರತಿಯೊಂದು ವಿಷಯದಲ್ಲಿಯೂ ಮೊದಲು ಆಕ್ಷೇಪಗಳನ್ನೇ ಬರೆದು, ಬಳಿಕ ಉತ್ತರ ಕೊಟ್ಟನು. ಕಲ್ಯಾಣದ ಪಂಡಿತನು ನಡೆದ ದಾರಿಯೂ ಇಂಥದೇ ಅಲ್ಲವೆ?

ಆದರೆ ಪ್ರಶ್ನಿಸುವವರ ಹಾದಿ ಎಲ್ಲೆಡೆಯೂ ಸುಗಮವಾಗಿರಲಿಲ್ಲ. ಪ್ಯಾರಿಸಿನಲ್ಲಿ ಪಾಠ ಹೇಳುತ್ತಿದ್ದ ಅಬೆಲಾರ್ಡ್ (1079-1142) ಧರ್ಮಗುರುಗಳ ಮಾತುಗಳಲ್ಲಿ ಪರಸ್ಪರ ವಿರುದ್ಧವಾಗಿ ತೋರುವುದನ್ನು 158 ಪ್ರಶ್ನೆಗಳಾಗಿ ಜೋಡಿಸಿದನು. ಮುಂದೆ ಅವನ ಬೋಧನೆಗಳನ್ನು ಧರ್ಮಸಭೆಯು ಖಂಡಿಸಿತು.

ಅದೇ ಶತಮಾನದಲ್ಲಿ ಕಲ್ಯಾಣದ ಶರಣರು ಪ್ರಶ್ನೆಯನ್ನು ಪಂಡಿತರ ಸಭೆಯಿಂದ ದುಡಿಯುವವರ ಅಂಗಳಕ್ಕೆ ತಂದರು. ಅನುಭವ ಮಂಟಪಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಕಠಿಣವಾದ ಪ್ರಶ್ನೆಗಳಿಂದ ಪರೀಕ್ಷಿಸಿದುದನ್ನು ‘ಶೂನ್ಯಸಂಪಾದನೆ’ ವಿವರಿಸುತ್ತದೆ. ಉಡುಗೆಯನ್ನು ತೊರೆದವಳು ಕೂದಲನ್ನೇಕೆ ಮರೆಮಾಡಿಕೊಂಡೆ ಎಂದೂ ಅವನು ಕೇಳುತ್ತಾನೆ. ಆಕೆ ಅಳುಕದೆ ಉತ್ತರಿಸಿ ಎಲ್ಲರ ಗೌರವಕ್ಕೆ ಪಾತ್ರಳಾಗುತ್ತಾಳೆ. ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ಹೆಚ್ಚು ತಂದಾಗ, ಅದು ಆಸೆಯಲ್ಲವೆ ಎಂದು ಅವನ ಪತ್ನಿ ಲಕ್ಕಮ್ಮನೇ ಕೇಳಿ ಹಿಂದಿರುಗಿಸಿದಳು. ದೇವರ ಮುಂದೆ ಎಲ್ಲರೂ ಸಮಾನರಾದರೆ ಮದುವೆಯಲ್ಲಿ ಜಾತಿಯೇಕೆ ಎಂಬ ವಿಚಾರವನ್ನು ಹರಳಯ್ಯ ಮತ್ತು ಮಧುವರಸರು ತಮ್ಮ ಮಕ್ಕಳ ಮದುವೆಯಿಂದ ಕೃತಿಗೆ ತಂದರು. ಬಿಜ್ಜಳನ ಆಳಿಕೆಯಲ್ಲಿ ಅದಕ್ಕಾಗಿ ಅವರು ಪ್ರಾಣವನ್ನೇ ತೆರಬೇಕಾಯಿತೆಂದು ಶರಣಪರಂಪರೆ ಹೇಳುತ್ತದೆ.

ಬುದ್ಧಿಯಿಂದ ಎಲ್ಲವನ್ನೂ ಅಳೆಯಬಹುದೆಂದು ಇವರು ಭಾವಿಸಲಿಲ್ಲ. ಅಕ್ವಿನಾಸನು ಕೆಲವು ಸತ್ಯಗಳು ಬುದ್ಧಿಗೆ ನಿಲುಕವೆಂದನು. ಶರಣರು ಅನುಭಾವವು ಮಾತಿಗೆ ಮೀರಿದುದೆಂದರು. ಆದರೆ ನಿಲುಕುವಷ್ಟನ್ನು ವಿಚಾರಿಸದೆ ಬಿಡುವುದು ಭಕ್ತಿಯಲ್ಲ, ಸೋಮಾರಿತನ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಗಾದೆ. ಪ್ರಶ್ನೆಯನ್ನು ಕೇಳುವವನನ್ನು ಶತ್ರುವೆಂದು ಬಗೆಯದೆ, ಅವನ ಮಾತನ್ನು ಪೂರ್ಣವಾಗಿ ಕೇಳಿ ಉತ್ತರಿಸುವವನ ನಂಬುಗೆಯೇ ಗಟ್ಟಿಯಾದುದು.